ಪೈಪರ್ಸ್ ತೊರೆಯ ಮೀನುಗಳಿಗಾಗಿ: ಸಿಯಾಟಲ್ ಸೀಮೆಯ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಸಿಯಾಟಲ್ ನಗರದಲ್ಲಿ ಹಾಗೂ ಅದರ ಸುತ್ತಲಿನ ಬೆಲ್‌ವ್ಯೂ, ರೆಡ್ಮಂಡ್, ಬಾಥೆಲ್, ಸಮಾಮಿಷ್, ಇಸಾಕ್ವಾ ಊರುಗಳಲ್ಲಿ ನೆಲೆಸಿರುವ ಕನ್ನಡ ಬಂಧುಗಳಿಗೆ, ನಮ್ಮ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ, ಕನ್ನಡ ಶಾಲೆಗಳ ಶಿಕ್ಷಕರಿಗೆ

ಮಾನ್ಯರೇ,

ಪ್ರತಿ ವರ್ಷ ನವೆಂಬರ್ ತಿಂಗಳಲ್ಲಿ, ನಮ್ಮ ಸಂಘಗಳು ರಾಜ್ಯೋತ್ಸವದ ಓಡಾಟದಲ್ಲಿರುವ ಹೊತ್ತಿಗೇ, ಸಿಯಾಟಲ್ ನಗರದ ವಾಯವ್ಯ ಅಂಚಿನ ಕಾರ್ಕೀಕ್ ಉದ್ಯಾನದಲ್ಲಿ ಹರಿಯುವ ಪೈಪರ್ಸ್ ತೊರೆಗೆ ಚಮ್ ಜಾತಿಯ ಸಾಲ್ಮನ್ ಮೀನುಗಳು ಸಮುದ್ರದಿಂದ ಮರಳಿ ಬರುತ್ತವೆ. ಅವುಗಳನ್ನು ನೋಡಲು ದಂಡೆಯ ಮೇಲೆ ಸೇರುವ ಜನರ ನಡುವೆ ಕನ್ನಡದ ಮಾತು ಕೇಳಿಬರುವುದು ಈಗ ಅಪರೂಪವೇನಲ್ಲ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆಯರೂ, ಊರಿನಿಂದ ಬಂದು ಚಳಿಗೆ ಶಾಲು ಹೊದ್ದ ಅಜ್ಜ ಅಜ್ಜಿಯರೂ ಬರುತ್ತಾರೆ, ಬೆರಗಿನಿಂದ ನೋಡುತ್ತಾರೆ, ಫೋಟೊ ತೆಗೆದುಕೊಂಡು ಹೊರಡುತ್ತಾರೆ. ಬರುವುದು ಒಳ್ಳೆಯದೇ, ಇನ್ನೂ ಹೆಚ್ಚು ಜನ ಬರಲಿ. ಆದರೆ ಆ ಮೀನು ಆ ದಿನ ಅಲ್ಲಿ ಕಾಣಿಸಿಕೊಳ್ಳಬೇಕಾದರೆ ವರ್ಷದ ಉಳಿದ ತಿಂಗಳುಗಳಲ್ಲಿ ಯಾರೋ ದುಡಿದಿರಬೇಕಾಗುತ್ತದೆ, ಮತ್ತು ಹಾಗೆ ದುಡಿಯುವವರ ನಡುವೆ ನಮ್ಮವರು ತೀರ ವಿರಳ. ಈ ಪತ್ರವನ್ನು ಬರೆಯಲು ಅದೇ ಕಾರಣ.

ನನ್ನ ಮನವಿ ಎರಡು ಬಗೆಯದು. ಮೊದಲನೆಯದು, ಉದ್ಯಾನದ ಒಳಗಿನ ಕೆಲಸಕ್ಕೆ ಕೈಜೋಡಿಸಿ ಎಂಬುದು. ಎರಡನೆಯದು, ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು: ತೊರೆಯ ಆರೈಕೆ ಉದ್ಯಾನದ ಬೇಲಿಯೊಳಗೆ ಮುಗಿಯುವ ಕೆಲಸವಲ್ಲ, ಅದು ನಮ್ಮ ಮನೆಗಳ ಸೂರಿನಿಂದಲೂ ಕಾರು ನಿಲ್ಲಿಸುವ ಅಂಗಳದಿಂದಲೂ ಆರಂಭವಾಗುತ್ತದೆ ಎಂಬುದನ್ನು ನಾವೆಲ್ಲರೂ ಮನಗಾಣಬೇಕು ಎಂಬುದು. ಇವೆರಡನ್ನೂ ವಿವರಿಸುವ ಮೊದಲು ಈ ತೊರೆಯ ಕಥೆಯನ್ನು ಸ್ವಲ್ಪ ಹೇಳಬೇಕು.

ಕಾರ್ಕೀಕ್ ಉದ್ಯಾನವು 200 ಎಕರೆಗೂ ಮಿಗಿಲಾದ ಕಾಡುಕಣಿವೆ. ಕಣಿವೆಯ ನಡುವೆ ಇಳಿಯುವ ತೊರೆ ರೈಲು ಹಳಿಯ ಅಡಿಯ ಮೋರಿಯನ್ನು ದಾಟಿ ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ಒಳಚಾಚನ್ನು ಸೇರುತ್ತದೆ. 1889ರ ಜೂನ್‌ನಲ್ಲಿ ಸಿಯಾಟಲ್ ಪೇಟೆಯನ್ನು ಸುಟ್ಟುಹಾಕಿದ ದೊಡ್ಡ ಬೆಂಕಿಯಲ್ಲಿ ತನ್ನ ಬೇಕರಿಯನ್ನು ಕಳೆದುಕೊಂಡ, ಬವೇರಿಯಾ ಮೂಲದ ಎ. ಡಬ್ಲ್ಯೂ. ಪೈಪರ್ ತನ್ನ ಕುಟುಂಬದೊಡನೆ ಇಲ್ಲಿಗೆ ಬಂದು ನೆಲೆಸಿದ. ತೊರೆಗೆ ಅವನ ಹೆಸರು ಉಳಿಯಿತು. ಕುಟುಂಬದವರು ಬೆಳೆಸಿದ ಹಣ್ಣಿನ ತೋಟ ಮುಂದೆ ಮುಳ್ಳುಪೊದೆಗಳಡಿ ಹೂತುಹೋಗಿ, 1980ರ ದಶಕದ ಆರಂಭದಲ್ಲಿ ಮತ್ತೆ ಪತ್ತೆಯಾಗಿ, ಸ್ವಯಂಸೇವಕರ ಆರೈಕೆಯಿಂದ ಇಂದಿಗೂ ಸೇಬು ಬಿಡುತ್ತಿದೆ. 1920ರ ದಶಕದ ಕೊನೆಯಲ್ಲಿ ಮಾರ್ಗನ್ ಕಾರ್ಕೀಕ್ ಎಂಬ ಕಟ್ಟಡ ಗುತ್ತಿಗೆದಾರ ಕೊಟ್ಟ ಹಣದ ನೆರವಿನಿಂದ ಕಣಿವೆ ಸಾರ್ವಜನಿಕ ಉದ್ಯಾನವಾಯಿತು. ಅಷ್ಟರೊಳಗೆ ಇಲ್ಲಿನ ಹಳೆಯ ಸೀಡರ್ ಮತ್ತು ಡಗ್ಲಸ್ ಫರ್ ಮರಗಳನ್ನು ಕಡಿದು ಸಾಗಿಸಿದ್ದಾಗಿತ್ತು. ಮುಂದಿನ ದಶಕಗಳಲ್ಲಿ ಸುತ್ತಲಿನ ಗುಡ್ಡಗಳ ಮೇಲೆ ಬಡಾವಣೆಗಳು ಎದ್ದವು, ರಸ್ತೆಗಳಿಗೆ ಡಾಂಬರು ಬಿತ್ತು, ಕಣಿವೆಯ ತಳದಲ್ಲಿ ಕೊಳಚೆನೀರಿನ ಸಂಸ್ಕರಣಾ ಘಟಕವೂ ಬಂದಿತು. ತೊರೆಯಲ್ಲಿ ಸಾಲ್ಮನ್ ಇಲ್ಲವಾಯಿತು.

ಅದನ್ನು ಮರಳಿ ತರಬೇಕೆಂದು ಮೊದಲು ಹೊರಟವರು ಅಕ್ಕಪಕ್ಕದ ಬೀದಿಗಳ ನಿವಾಸಿಗಳು. 1970ರ ದಶಕದ ಕೊನೆಯಲ್ಲಿ ಅವರು ಕಾರ್ಕೀಕ್ ವಾಟರ್‌ಷೆಡ್ ಕಮ್ಯುನಿಟಿ ಆ್ಯಕ್ಷನ್ ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ ಒಂದುಗೂಡಿದರು. ಕಸ ತೆಗೆದರು, ದಂಡೆಗಳನ್ನು ಭದ್ರಪಡಿಸಿದರು, ನೀರಿನ ವೇಗ ತಗ್ಗಿಸಲು ತೊರೆಗೆ ಅಡ್ಡಲಾಗಿ ಮರದ ದಿಮ್ಮಿಗಳನ್ನು ಹಾಕಿಸಿದರು, ಬೆನ್ನುಬಿಡದೆ ನಗರಸಭೆಯ ಬಾಗಿಲು ತಟ್ಟಿದರು. ಪ್ಯೂಜೆಟ್ ಸೌಂಡ್‌ನ ಆಚೆ ದಡದ ಸುಕ್ವಾಮಿಷ್ ಬುಡಕಟ್ಟಿನವರು ಗ್ರೋವರ್ಸ್ ಕ್ರೀಕ್‌ನಲ್ಲಿರುವ ತಮ್ಮ ಮೀನುಮರಿ ಕೇಂದ್ರದಿಂದ ಚಮ್ ಸಾಲ್ಮನ್‌ನ ಮೊಟ್ಟೆ ಮತ್ತು ಮರಿಗಳನ್ನು ಕೊಟ್ಟರು, ಇಂದಿಗೂ ಕೊಡುತ್ತಿದ್ದಾರೆ. ಆ ಮರಿಗಳನ್ನು ಕೆಲವು ವಾರ ಉದ್ಯಾನದ ಒಂದು ಕೊಳದಲ್ಲಿ ಈ ತೊರೆಯದೇ ನೀರಿನಲ್ಲಿ ಸಾಕುತ್ತಾರೆ. ತಾನು ಬೆಳೆದ ನೀರಿನ ವಾಸನೆಯನ್ನು ಸಾಲ್ಮನ್ ನೆನಪಿಟ್ಟುಕೊಳ್ಳುತ್ತದೆ, ವರ್ಷಗಳ ಬಳಿಕ ಅದೇ ವಾಸನೆಯ ಜಾಡು ಹಿಡಿದು ಹಿಂದಿರುಗುತ್ತದೆ. ನಗರದ ಶಾಲೆಗಳ ಮಕ್ಕಳು ತರಗತಿಯ ತೊಟ್ಟಿಗಳಲ್ಲಿ ಮೊಟ್ಟೆಯಿಂದ ಬೆಳೆಸಿದ ಮರಿಗಳನ್ನು ವಸಂತದಲ್ಲಿ ಇಲ್ಲಿಗೇ ತಂದು ಬಿಡುತ್ತಾರೆ.

ಮಲೆನಾಡಿನಿಂದಲೋ ಕರಾವಳಿಯಿಂದಲೋ ಬಂದವರಿಗೆ ಮೀನು ಪ್ರವಾಹದ ಎದುರು ಏರಿ ಬರುವ ದೃಶ್ಯ ಹೊಸದಲ್ಲ. ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೂ ಹಳ್ಳದಿಂದ ಗದ್ದೆಗೂ ಮೊಟ್ಟೆಯಿಡಲು ನುಗ್ಗುವ ಹತ್ತುಮೀನನ್ನು ಕಂಡವರಿಗೆ ಪೈಪರ್ಸ್ ತೊರೆಯ ಚಮ್ ಮೀನಿನ ಸಾಹಸ ಅರ್ಥವಾಗಲು ಯಾರ ವಿವರಣೆಯೂ ಬೇಕಿಲ್ಲ. ವ್ಯತ್ಯಾಸವೆಂದರೆ, ಇದು ಮರಳಿ ಇಳಿಯುವುದಿಲ್ಲ. ಮೂರರಿಂದ ಐದು ವರ್ಷ ಪೆಸಿಫಿಕ್ ಸಾಗರದಲ್ಲಿ ಬೆಳೆದ ಮೀನು ಸಿಹಿನೀರಿಗೆ ಬಂದ ಮೇಲೆ ಆಹಾರ ಮುಟ್ಟುವುದಿಲ್ಲ. ಹೆಣ್ಣುಮೀನು ಬಾಲದಿಂದ ಜಲ್ಲಿಯನ್ನು ಕೆದಕಿ ಗುಳಿ ಮಾಡಿ ಸಾವಿರಾರು ಮೊಟ್ಟೆಗಳನ್ನಿಟ್ಟು, ಮೇಲೆ ಮತ್ತೆ ಜಲ್ಲಿ ಮುಚ್ಚಿ, ಕೆಲವೇ ದಿನಗಳಲ್ಲಿ ಸಾಯುತ್ತದೆ. ಗಂಡೂ ಸಾಯುತ್ತದೆ. ತೊರೆಯ ದಂಡೆಯಲ್ಲಿ ಕಾಣುವ ಸತ್ತ ಮೀನುಗಳನ್ನು ಯಾರೂ ಎತ್ತಿಹಾಕದಿರುವುದು ಅಸಡ್ಡೆಯಿಂದಲ್ಲ. ಅವು ಕೊಳೆತು, ಹುಳುಹುಪ್ಪಟೆಗಳಿಗೂ ಹಕ್ಕಿಗಳಿಗೂ ಮರದ ಬೇರುಗಳಿಗೂ ಸಾಗರದ ಸಾರವನ್ನು ತಲುಪಿಸುತ್ತವೆ. ಮುಂದಿನ ವಸಂತದಲ್ಲಿ ಜಲ್ಲಿಯಿಂದ ಹೊರಬರುವ ಮರಿಗಳು ಅದೇ ಸಾರದಿಂದ ಬೆಳೆದ ಹುಳುಗಳನ್ನು ತಿಂದು ಸಮುದ್ರಕ್ಕೆ ಇಳಿಯುತ್ತವೆ. ವಾಸನೆಗೆ ಮೂಗು ಮುಚ್ಚಿಕೊಳ್ಳುವ ಮಕ್ಕಳಿಗೆ ಇದನ್ನು ಅಲ್ಲಿಯೇ ನಿಂತು ಹೇಳಿದರೆ ಅವರು ಮರೆಯುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೊಟ್ಟೆಗಳು ಜಲ್ಲಿಯೊಳಗೆ ಇರುವುದು ನವೆಂಬರ್‌ನಿಂದ ವಸಂತದ ತನಕ, ಅಂದರೆ ಈ ಸೀಮೆಯಲ್ಲಿ ಮಳೆ ಹೆಚ್ಚು ಸುರಿಯುವ ತಿಂಗಳುಗಳಲ್ಲಿ. ಮಲೆನಾಡಿನ ಮಳೆ ಕಂಡವರಿಗೆ ಇಲ್ಲಿನದು ಬರಿಯ ಸೋನೆ ಎನಿಸಬಹುದು. ಕಾಡಿನ ಮೇಲೆ ಬಿದ್ದಾಗ ಅದು ಸೋನೆಯೇ ಸರಿ: ಸೀಡರ್‌ನ ಎಲೆಗಳಲ್ಲಿ ಒಂದಿಷ್ಟು ನಿಂತು, ತರಗಲೆಯಲ್ಲಿ ಒಂದಿಷ್ಟು ಇಂಗಿ, ದಿನಗಟ್ಟಲೆ ತಡೆದು ನಿಧಾನವಾಗಿ ತೊರೆಗೆ ಜಿನುಗುತ್ತದೆ. ಆದರೆ ಪೈಪರ್ಸ್ ತೊರೆಗೆ ನೀರು ಬರುವುದು ಉದ್ಯಾನದ ಕಾಡಿನಿಂದ ಮಾತ್ರವಲ್ಲ. ಮೂರು ಚದರ ಮೈಲಿಗಿಂತ ಕಡಿಮೆ ಇರುವ ಅದರ ಜಲಾನಯನ ಪ್ರದೇಶದ ಬಹುಪಾಲು ಇರುವುದು ಬ್ರಾಡ್‌ವ್ಯೂ, ಗ್ರೀನ್‌ವುಡ್, ಕ್ರೌನ್ ಹಿಲ್ ಬಡಾವಣೆಗಳಲ್ಲಿ, ಮನೆಗಳ ಚಾವಣಿ, ರಸ್ತೆ, ಅಂಗಡಿಗಳ ಪಾರ್ಕಿಂಗ್ ಜಾಗಗಳ ರೂಪದಲ್ಲಿ. ಅಲ್ಲಿ ಬಿದ್ದ ಮಳೆಗೆ ಇಂಗಲು ಎಡೆಯಿಲ್ಲ. ಅದು ನಿಮಿಷಗಳಲ್ಲಿ ಚರಂಡಿಯ ಜಾಲರಿಯೊಳಗೆ ಇಳಿದು, ಕೊಳವೆಯ ಮೂಲಕ ಕಣಿವೆಗೆ ಧುಮುಕಿ, ತೊರೆಯನ್ನು ಒಮ್ಮೆಗೇ ಉಕ್ಕಿಸುತ್ತದೆ. ಆ ರಭಸಕ್ಕೆ ಜಲ್ಲಿ ಉರುಳಿಹೋಗುತ್ತದೆ, ಅದರೊಳಗಿನ ಮೊಟ್ಟೆಗಳೂ ಕೊಚ್ಚಿಹೋಗುತ್ತವೆ. ಉಳಿದವುಗಳ ಮೇಲೆ ದಂಡೆ ಕುಸಿದು ಬಂದ ಹೂಳು ಕುಳಿತು ಉಸಿರು ಕಟ್ಟಿಸುತ್ತದೆ. ಮಳೆಗಾಲ ಮುಗಿದ ಮೇಲೆ, ಇಂಗದ ನೀರು ಒಸರಾಗಿ ಬರುವುದಾದರೂ ಹೇಗೆ? ಬೇಸಿಗೆಯಲ್ಲಿ ತೊರೆ ಸೊರಗುತ್ತದೆ.

ಇನ್ನೊಂದು ವಿಷಯ ನಮ್ಮಲ್ಲಿ ಹಲವರಿಗೆ ತಿಳಿದಿಲ್ಲವೆಂದು ಕಂಡಿದ್ದೇನೆ. ಅಡುಗೆಮನೆಯ ಮತ್ತು ಶೌಚಾಲಯದ ನೀರು ಹೋಗುವ ಒಳಚರಂಡಿ ಬೇರೆ, ರಸ್ತೆಯ ಪಕ್ಕದ ಮಳೆನೀರಿನ ಚರಂಡಿ ಬೇರೆ. ಇಂಥ ಪ್ರತ್ಯೇಕ ವ್ಯವಸ್ಥೆ ಇರುವ ಬಡಾವಣೆಗಳಲ್ಲಿ ರಸ್ತೆಬದಿಯ ಜಾಲರಿಯೊಳಗೆ ಬಿದ್ದದ್ದು ಯಾವ ಸಂಸ್ಕರಣಾ ಘಟಕಕ್ಕೂ ಹೋಗದೆ ನೇರವಾಗಿ ತೊರೆಗೋ ಕೆರೆಗೋ ಸಮುದ್ರಕ್ಕೋ ಸೇರುತ್ತದೆ. ಅಂಗಳದಲ್ಲಿ ಕಾರು ತೊಳೆದ ಸೋಪಿನ ನೀರು, ಎಂಜಿನ್‌ನಿಂದ ತೊಟ್ಟಿಕ್ಕಿದ ಎಣ್ಣೆ, ಹುಲ್ಲುಹಾಸಿಗೆ ಎರಚಿದ ಗೊಬ್ಬರ ಮತ್ತು ಕಳೆನಾಶಕ, ನಾಯಿಯ ಮಲ, ಹೋಳಿಯ ದಿನ ಹೋಸ್ ಹಿಡಿದು ತೊಳೆದ ಬಣ್ಣ, ಎಲ್ಲದರ ದಾರಿಯೂ ಅದೇ.

ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಘೋರವಾದದ್ದು ಕಣ್ಣಿಗೆ ಕಾಣುವುದಿಲ್ಲ. ಸಿಯಾಟಲ್ ಸುತ್ತಲಿನ ತೊರೆಗಳಿಗೆ ಮರಳುವ ಕೋಹೊ ಸಾಲ್ಮನ್‌ಗಳು ಶರತ್ಕಾಲದ ಮೊದಲ ಮಳೆಗಳ ಬಳಿಕ, ಹೊಟ್ಟೆಯಲ್ಲಿ ಮೊಟ್ಟೆಗಳು ಹಾಗೆಯೇ ಇರುವಾಗ, ಕೆಲವೇ ಗಂಟೆಗಳಲ್ಲಿ ದಿಕ್ಕುತಪ್ಪಿ ಸುತ್ತಿ ಬಾಯಿಬಿಟ್ಟು ಸಾಯುತ್ತಿದ್ದವು. ಎರಡು ದಶಕಗಳ ಹುಡುಕಾಟದ ಬಳಿಕ, 2020ರ ಡಿಸೆಂಬರ್‌ನಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯ ಹಾಗೂ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಕಾರಣವನ್ನು ಬಹಿರಂಗಪಡಿಸಿದರು. ಟೈರಿನ ರಬ್ಬರು ಗಾಳಿಯ ಓಝೋನ್‌ಗೆ ಬಿರಿಯದಿರಲೆಂದು 6ಪಿಪಿಡಿ ಎಂಬ ರಾಸಾಯನಿಕವನ್ನು ಸೇರಿಸುತ್ತಾರೆ. ಅದು ಓಝೋನ್ ಜೊತೆ ವರ್ತಿಸಿ 6ಪಿಪಿಡಿ-ಕ್ವಿನೋನ್ ಆಗುತ್ತದೆ, ಸವೆದ ಟೈರಿನ ಪುಡಿಯೊಂದಿಗೆ ರಸ್ತೆಯ ಮೇಲೆ ಕೂರುತ್ತದೆ, ಮಳೆ ಬಂದೊಡನೆ ತೊರೆಗೆ ಇಳಿಯುತ್ತದೆ. ಕೋಹೊಗೆ ಅದು ಅತ್ಯಲ್ಪ ಪ್ರಮಾಣದಲ್ಲೂ ಮಾರಕ. ಪೈಪರ್ಸ್ ತೊರೆಯ ಚಮ್ ಮೀನುಗಳು ಅದನ್ನು ತಾಳಿಕೊಳ್ಳುತ್ತವೆ, ಆ ಕಾರಣದಿಂದಲೂ ಅವುಗಳನ್ನು ನಾವು ನೋಡಲು ಸಾಧ್ಯವಾಗುತ್ತಿದೆ. ನಮ್ಮಲ್ಲಿ ಅನೇಕರು ಪರಿಸರದ ಕಾಳಜಿಯಿಂದಲೇ ವಿದ್ಯುತ್ ಕಾರು ಕೊಂಡವರು. ಅದು ಶ್ಲಾಘನೀಯ, ಆದರೆ ಅದಕ್ಕೂ ನಾಲ್ಕು ಟೈರುಗಳಿವೆ, ಮತ್ತು ಅದರ ತೂಕ ಕಡಿಮೆಯೇನಲ್ಲ. ಕಡಿಮೆ ಓಡಿಸುವುದು, ಬಸ್ಸು ರೈಲು ಬಳಸುವುದು, ಟೈರಿನ ಗಾಳಿಯನ್ನು ಸರಿಯಾಗಿ ಇಟ್ಟುಕೊಳ್ಳುವುದು ಇವಿಷ್ಟು ನಮ್ಮ ಕೈಯಲ್ಲಿವೆ. ಟೈರಿನೊಳಗಿನ ರಾಸಾಯನಿಕವನ್ನು ಬದಲಿಸುವುದು ಸರ್ಕಾರ ಮತ್ತು ಕಾರ್ಖಾನೆಗಳ ಹೊಣೆ. ಈ ಕುರಿತು ಯೂರಾಕ್, ಪೋರ್ಟ್ ಗ್ಯಾಂಬಲ್ ಸ್‌ಕ್ಲಾಲಮ್ ಮತ್ತು ಪ್ಯುಯಾಲಪ್ ಬುಡಕಟ್ಟುಗಳು ಸಲ್ಲಿಸಿದ ಅರ್ಜಿಯನ್ನು 2023ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮಾನ್ಯ ಮಾಡಿತು. ಆ ಕೆಲಸ ಮುಂದುವರಿಯುವಂತೆ ಮತದಾರರಾದವರು ತಮ್ಮ ಪ್ರತಿನಿಧಿಗಳಿಗೆ ಬರೆಯುತ್ತಿರಬೇಕು.

ಇದೇ ಸಂಶೋಧನೆಯ ಹಾದಿಯಲ್ಲಿ ಕಂಡುಬಂದ ಒಂದು ಸಂಗತಿ ನನಗೆ ಬಹಳ ಧೈರ್ಯ ಕೊಟ್ಟಿದೆ. ಮೀನನ್ನು ಕೊಲ್ಲುತ್ತಿದ್ದ ಅದೇ ರಸ್ತೆಯ ನೀರನ್ನು ಮರಳು ಮತ್ತು ಕಾಂಪೋಸ್ಟ್ ಬೆರೆಸಿದ ಮಣ್ಣಿನ ಪದರದ ಮೂಲಕ ಸೋಸಿ ಬಿಟ್ಟಾಗ ಅದರಲ್ಲಿ ಕೋಹೊ ಬದುಕಿದವು. ಅಂದರೆ ಪರಿಹಾರ ನಮ್ಮ ಕಾಲಡಿಯಲ್ಲೇ ಇದೆ. ಪೈಪರ್ಸ್ ತೊರೆಯ ಜಲಾನಯನದಲ್ಲೇ, ವಾಯವ್ಯ ಭಾಗದ ಎರಡನೇ ಅವೆನ್ಯೂನಲ್ಲಿ, 117 ಮತ್ತು 120ನೇ ಬೀದಿಗಳ ನಡುವೆ, ನಗರದ ನೀರು ಸರಬರಾಜು ಮತ್ತು ಒಳಚರಂಡಿ ಇಲಾಖೆ 2001ರಲ್ಲಿ ಒಂದು ಪ್ರಯೋಗ ಮಾಡಿತು. ನೇರವಾಗಿದ್ದ ಅಗಲ ರಸ್ತೆಯನ್ನು ಕಿರಿದು ಮಾಡಿ ಬಳುಕಿಸಿ, ಅಕ್ಕಪಕ್ಕದಲ್ಲಿ ತಗ್ಗು ತೋಡಿ ಮಣ್ಣು ಬದಲಿಸಿ, ನೂರಕ್ಕೂ ಹೆಚ್ಚು ಮರಗಳನ್ನೂ ಸಾವಿರಕ್ಕೂ ಹೆಚ್ಚು ಪೊದೆಗಳನ್ನೂ ನೆಟ್ಟರು. ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಅಳೆದು ನೋಡಿದಾಗ ಆ ಬೀದಿಯಿಂದ ಹರಿದು ಹೋಗುತ್ತಿದ್ದ ಮಳೆನೀರು ಸುಮಾರು ಶೇ. 99ರಷ್ಟು ಇಳಿದಿತ್ತು. ಅದೇ ಬಡಾವಣೆಯ 110ನೇ ಬೀದಿಯಲ್ಲಿ, ಇಳಿಜಾರಿನುದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಕೊಳಗಳನ್ನು ಮಾಡಿ ನೀರನ್ನು ತಡೆತಡೆದು ಇಳಿಸುತ್ತಾರೆ. ಕಾರ್ಕೀಕ್‌ಗೆ ಮೀನು ನೋಡಲು ಬಂದವರು ಹಿಂದಿರುಗುವಾಗ ದಯವಿಟ್ಟು ಈ ಎರಡು ಬೀದಿಗಳಲ್ಲಿ ನಡೆದು ಹೋಗಿ. ಆ ಗಿಡಗಳ ಕಳೆ ಕೀಳುವವರು ಬಹುಮಟ್ಟಿಗೆ ಆ ಮನೆಗಳವರೇ. ತೊರೆಯ ದಂಡೆಯಲ್ಲಿ ನಿಂತು ಮೀನು ಎಣಿಸುವವರಷ್ಟೇ ಅವರೂ ತೊರೆಯ ಪಾಲಕರು ಎಂಬುದು ನನ್ನ ದೃಢ ನಂಬಿಕೆ.

ಸ್ವಂತ ಮನೆ ಇರುವವರು ಇದನ್ನೇ ಚಿಕ್ಕದಾಗಿ ಮಾಡಬಹುದು. ಚಾವಣಿಯ ನೀರನ್ನು ಕೊಳವೆಯ ಮೂಲಕ ಚರಂಡಿಗೆ ಕಳುಹಿಸುವ ಬದಲು, ಅಡಿಪಾಯದಿಂದ ಸಾಕಷ್ಟು ದೂರದಲ್ಲಿ ತಗ್ಗಾದ ಕೈತೋಟಕ್ಕೆ ತಿರುಗಿಸಿ ಇಂಗಿಸಬಹುದು, ಇಲ್ಲವೇ ತೊಟ್ಟಿಯಲ್ಲಿ ಹಿಡಿಯಬಹುದು. ನಗರದ ಕೆಲವು ಭಾಗಗಳಲ್ಲಿ ರೈನ್‌ವೈಸ್ ಯೋಜನೆಯಡಿ ಇದಕ್ಕೆ ಹಣದ ನೆರವೂ ಸಿಗುತ್ತದೆ. ನಿಮ್ಮ ವಿಳಾಸಕ್ಕೆ ಅದು ಅನ್ವಯಿಸುತ್ತದೆಯೇ ಎಂದು ವಿಚಾರಿಸಿ. ಊರಿನ ಮನೆಯಲ್ಲಿ ಮಳೆನೀರು ಹಿಡಿಯುವ ತೊಟ್ಟಿಯ ಬಗ್ಗೆ ಅಭಿಮಾನದಿಂದ ಮಾತನಾಡುವ ನಾವು ಇಲ್ಲಿ ಅದನ್ನು ಯೋಚಿಸದಿರುವುದಕ್ಕೆ ಕಾರಣವೇ ಇಲ್ಲ. ಕಾರನ್ನು ತೊಳೆಯುವುದಾದರೆ ವಾಷ್ ಕೇಂದ್ರಗಳಲ್ಲೇ ತೊಳೆಸಿ, ಅಲ್ಲಿನ ನೀರು ಒಳಚರಂಡಿಗೆ ಹೋಗುತ್ತದೆ. ಗಣೇಶನ ವಿಸರ್ಜನೆಯನ್ನು ಯಾವುದೇ ತೊರೆಯಲ್ಲಾಗಲಿ ಕೆರೆಯಲ್ಲಾಗಲಿ ಮಾಡದೆ, ಬಣ್ಣವಿಲ್ಲದ ಮಣ್ಣಿನ ಮೂರ್ತಿಯನ್ನು ಮನೆಯ ಬಕೆಟ್ಟಿನಲ್ಲೇ ಕರಗಿಸಿ ಗಿಡದ ಬುಡಕ್ಕೆ ಹಾಕಿ. ಹಲವು ಕುಟುಂಬಗಳು ಈಗಾಗಲೇ ಹೀಗೆ ಮಾಡುತ್ತಿವೆ, ಎಲ್ಲರೂ ಮಾಡಬೇಕು.

ಇನ್ನು ಉದ್ಯಾನದ ಒಳಗಿನ ಕೆಲಸ. ಹಳೆಯ ಕಾಡನ್ನು ಕಡಿದ ಮೇಲೆ ಇಲ್ಲಿ ತಾನಾಗಿ ಬೆಳೆದದ್ದು ಹೆಚ್ಚಾಗಿ ಆಲ್ಡರ್ ಮತ್ತು ದೊಡ್ಡೆಲೆಯ ಮೇಪಲ್. ಅವುಗಳಿಗೆ ಈಗ ವಯಸ್ಸಾಗಿದೆ, ಒಂದೊಂದಾಗಿ ಬೀಳುತ್ತಿವೆ. ಅವುಗಳ ಜಾಗಕ್ಕೆ ಬರಬೇಕಾದ ಸೀಡರ್, ಹೆಮ್ಲಾಕ್, ಫರ್ ಸಸಿಗಳು ನೆಲದ ಮೇಲೆ ಹಾಸಿರುವ ಇಂಗ್ಲಿಷ್ ಐವಿ ಬಳ್ಳಿಯಡಿ ಬೆಳಕು ಕಾಣದೆ ಸಾಯುತ್ತವೆ. ಐವಿ ಮರಗಳನ್ನೂ ಏರಿ ತಲೆಭಾರ ಮಾಡಿ ಉರುಳಿಸುತ್ತದೆ. ಹಿಮಾಲಯನ್ ಬ್ಲ್ಯಾಕ್‌ಬೆರಿಯ ಮುಳ್ಳುಪೊದೆಯದು ಇನ್ನೊಂದು ಕಾಟ (ಹೆಸರಿನಲ್ಲಿ ಹಿಮಾಲಯವಿದ್ದರೂ ಅದು ಅರ್ಮೇನಿಯಾ ಕಡೆಯ ಗಿಡ). ನಗರದ ಕಾಡುಗಳೆಲ್ಲ ಹೀಗೆ ಸೊರಗುತ್ತಿರುವುದನ್ನು ಕಂಡು 2004ರಲ್ಲಿ ಆರಂಭವಾದ ಗ್ರೀನ್ ಸಿಯಾಟಲ್ ಪಾರ್ಟ್‌ನರ್‌ಶಿಪ್ 2,500 ಎಕರೆ ಉದ್ಯಾನಕಾಡನ್ನು ಸರಿಪಡಿಸುವ ಗುರಿ ಇಟ್ಟುಕೊಂಡಿತು. ತರಬೇತಿ ಪಡೆದ ಸ್ಥಳೀಯರು ಒಂದೊಂದು ತುಂಡು ಕಾಡಿನ ಉಸ್ತುವಾರಿ ವಹಿಸಿಕೊಂಡು, ನೆರೆಹೊರೆಯವರನ್ನು ಕರೆದು ಕೆಲಸ ಮಾಡಿಸುತ್ತಾರೆ. ಐವಿಯನ್ನು ಬೇರುಸಹಿತ ಕಿತ್ತು ರಾಶಿ ಹಾಕುವುದು, ಮರ ಏರಿದ ಬಳ್ಳಿಯನ್ನು ಎದೆಯೆತ್ತರದಲ್ಲಿ ಸುತ್ತಲೂ ಕತ್ತರಿಸುವುದು, ಮಳೆಗಾಲದಲ್ಲಿ ಸಸಿ ನೆಡುವುದು, ಬುಡಕ್ಕೆ ಮರದ ಚೂರುಗಳ ಹೊದಿಕೆ ಹಾಕುವುದು, ಮೊದಲ ಎರಡು ಮೂರು ಬೇಸಿಗೆಗಳಲ್ಲಿ ನೀರು ಹೊತ್ತು ಹಾಕುವುದು. ಕೊನೆಯದೇ ಎಲ್ಲಕ್ಕಿಂತ ಮುಖ್ಯ, ಅದಕ್ಕೇ ಜನ ಸಿಗುವುದಿಲ್ಲ. ಸಸಿ ನೆಡುವ ದಿನ ಸೇರುವ ಜನ ಆಗಸ್ಟ್‌ನ ಬಿಸಿಲಿಗೆ ಬರುವುದಿಲ್ಲ. ಈಚಿನ ಒಣ ಬೇಸಿಗೆಗಳಲ್ಲಿ ಸೀಡರ್‌ಗಳು ತುದಿಯಿಂದ ಒಣಗುತ್ತಿರುವುದನ್ನು ನೋಡಿದರೆ ಈ ಕೊಡ ನೀರಿನ ಬೆಲೆ ತಿಳಿಯುತ್ತದೆ.

ತೊರೆಗೂ ಕಾಡಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಾಲ್ಮನ್‌ಗೆ ತಂಪಾದ ನೀರು ಬೇಕು, ನೆರಳಿಲ್ಲದ ತೊರೆ ಬೇಗ ಕಾಯುತ್ತದೆ. ದಂಡೆಯ ಬೇರುಗಳು ಮಣ್ಣು ಹಿಡಿಯುತ್ತವೆ. ತೊರೆಗೆ ಅಡ್ಡಬಿದ್ದ ದೊಡ್ಡ ಮರದ ಹಿಂದೆ ಮಡುವಾಗುತ್ತದೆ, ಮಡುವಿನಲ್ಲಿ ಮರಿಗಳು ಅಡಗುತ್ತವೆ. ಸೀಡರ್ ಬಿದ್ದರೆ ದಶಕಗಳ ಕಾಲ ಕೊಳೆಯದೆ ಉಳಿಯುತ್ತದೆ, ಆಲ್ಡರ್ ಬೇಗ ಪುಡಿಯಾಗುತ್ತದೆ. ಇಂದು ನೆಟ್ಟ ಸೀಡರ್ ಆ ಕೆಲಸಕ್ಕೆ ಬರುವುದು ನಮ್ಮ ಮೊಮ್ಮಕ್ಕಳ ಕಾಲಕ್ಕೆ.

ಕೆಲವು ಆಕ್ಷೇಪಗಳಿಗೆ ಉತ್ತರಿಸದೆ ಮುಂದೆ ಹೋಗುವುದು ಸರಿಯಲ್ಲ. ಮೀನುಮರಿ ಕೇಂದ್ರದಿಂದ ತಂದು ಬಿಟ್ಟ ಮೀನು ನಿಜವಾದ ಕಾಡುಮೀನೇ ಎಂದು ತಿಳಿದವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಸುಕ್ವಾಮಿಷ್ ಜನರ ನೆರವು ನಿಂತರೆ ಇಲ್ಲಿನ ಚಮ್ ಸಂತತಿ ತನ್ನಷ್ಟಕ್ಕೆ ಉಳಿಯುತ್ತದೆಂದು ಯಾರೂ ಭರವಸೆ ಕೊಡಲಾರರು. ಮರಳುವ ಮೀನಿನ ಸಂಖ್ಯೆಯಲ್ಲೂ ವರ್ಷದಿಂದ ವರ್ಷಕ್ಕೆ ಭಾರೀ ಏರಿಳಿತವಿದೆ, ಒಳ್ಳೆಯ ವರ್ಷಗಳಲ್ಲಿ ನೂರಾರು ಬರುತ್ತವೆ, ಕೆಟ್ಟ ವರ್ಷಗಳಲ್ಲಿ ದಂಡೆಯಲ್ಲಿ ಕಾದು ನಿಂತವರು ಮೀನು ಕಾಣದೆ ಹಿಂದಿರುಗುತ್ತಾರೆ. ಆದರೂ ಈ ಕೆಲಸ ವ್ಯರ್ಥವೆಂದು ನಾನು ಒಪ್ಪುವುದಿಲ್ಲ. ಇಲ್ಲಿ ತೊರೆಯ ಹರಿವನ್ನು ತಣಿಸಲು ಕಲಿತದ್ದು ಈ ಸೀಮೆಯ ಪ್ರತಿ ತೊರೆಗೂ ಬೇಕಾದ ಪಾಠ. ಪ್ಯೂಜೆಟ್ ಸೌಂಡ್‌ನ ಚಿನೂಕ್ ಸಾಲ್ಮನ್ 1999ರಿಂದಲೂ ಅಪಾಯದಂಚಿನ ಜೀವಿಗಳ ಪಟ್ಟಿಯಲ್ಲಿದೆ. ಅದನ್ನು ನೆಚ್ಚಿದ, ಶರತ್ಕಾಲದಲ್ಲಿ ಚಮ್ ಮೀನನ್ನೂ ಅರಸಿ ನಮ್ಮ ದಡಗಳ ಹತ್ತಿರ ಬರುವ ಸದರ್ನ್ ರೆಸಿಡೆಂಟ್ ಓರ್ಕಾ ತಿಮಿಂಗಿಲಗಳು 80ಕ್ಕೂ ಕಡಿಮೆ ಉಳಿದಿವೆ. ಹೀಗಿರುವಾಗ, ಮನೆಗಳ ನಡುವೆ ಹರಿಯುವ ತೊರೆಯನ್ನು ಇದು ಕೆಟ್ಟುಹೋಗಿದೆ ಎಂದು ಕೈಬಿಡುವ ಹಕ್ಕು ನಮಗಿಲ್ಲ.

ಸುಕ್ವಾಮಿಷ್ ಜನರ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. 1855ರ ಪಾಯಿಂಟ್ ಎಲಿಯಟ್ ಒಪ್ಪಂದದಲ್ಲಿ ಇಲ್ಲಿನ ಮೂಲನಿವಾಸಿಗಳು ತಮ್ಮ ನೆಲವನ್ನು ಬಿಟ್ಟುಕೊಟ್ಟರೂ ತಾವು ಎಂದಿನಿಂದ ಮೀನು ಹಿಡಿಯುತ್ತಿದ್ದ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡರು. ಆ ಹಕ್ಕನ್ನು ಚಲಾಯಿಸಿದ್ದಕ್ಕೆ ಶತಮಾನದ ಬಳಿಕವೂ ಜೈಲಿಗೆ ಹೋದರು. 1974ರಲ್ಲಿ ಫೆಡರಲ್ ನ್ಯಾಯಾಧೀಶ ಜಾರ್ಜ್ ಬೋಲ್ಟ್, ಹಿಡಿಯಬಹುದಾದ ಮೀನಿನಲ್ಲಿ ಅರ್ಧದಷ್ಟು ಒಪ್ಪಂದದ ಬುಡಕಟ್ಟುಗಳ ಪಾಲು ಎಂದು ತೀರ್ಪಿತ್ತರು. ಮೀನೇ ಇಲ್ಲದ ಹೊಳೆಯಲ್ಲಿ ಅರ್ಧ ಪಾಲಿಗೆ ಏನು ಬೆಲೆ? ನಾವು ಇಲ್ಲಿಗೆ ನಿನ್ನೆ ಮೊನ್ನೆ ಬಂದವರು. ಈ ನೆಲದಲ್ಲಿ ಮನೆ ಕಟ್ಟಿ, ಮಕ್ಕಳನ್ನು ಓದಿಸಿ, ನೆಮ್ಮದಿಯಿಂದಿದ್ದೇವೆ. ತೊರೆಗಳನ್ನು ಮೀನಿಗೆ ಯೋಗ್ಯವಾಗಿ ಇಡುವುದು ನಾವು ಮಾಡುವ ಉಪಕಾರವಲ್ಲ, ನಾವು ಕೊಡಬೇಕಾದ ಬಾಕಿ.

ತೆರಿಗೆ ಕಟ್ಟುತ್ತೇವೆ, ನಗರಸಭೆ ನೋಡಿಕೊಳ್ಳಲಿ ಎಂಬುದು ಮತ್ತೊಂದು ಮಾತು. ನಗರಸಭೆ ತನ್ನ ಪಾಲನ್ನು ಮಾಡಲೇಬೇಕು. ಕೊಳವೆಗಳ ದುರಸ್ತಿ, ನೀರಿನ ಪರೀಕ್ಷೆ, ರಸ್ತೆಬದಿಯ ಇಂಗುತಗ್ಗುಗಳ ನಿರ್ಮಾಣ, ಉದ್ಯಾನದ ಪರಿಸರ ಕಲಿಕಾ ಕೇಂದ್ರದ ಸಿಬ್ಬಂದಿಯ ಸಂಬಳ, ಇವು ಯಾವುವೂ ಶನಿವಾರ ಬರುವ ಸ್ವಯಂಸೇವಕರಿಂದ ಆಗುವ ಕೆಲಸಗಳಲ್ಲ. ಸ್ವಯಂಸೇವಕರಿದ್ದಾರಲ್ಲ ಎಂಬ ನೆಪದಲ್ಲಿ ಬಜೆಟ್ಟಿನಲ್ಲಿ ಅವುಗಳಿಗೆ ಕತ್ತರಿ ಬೀಳದಂತೆ ನೋಡಿಕೊಳ್ಳುವುದೂ ಪಾಲಕರ ಕೆಲಸವೇ. ಸಾರ್ವಜನಿಕ ಅಹವಾಲಿಗೆ ನಗರಸಭೆ ಸಮಯ ಕೊಡುವಾಗ ನಮ್ಮವರ ಧ್ವನಿಯೂ ಅಲ್ಲಿ ಕೇಳಬೇಕು. ಆದರೆ ಜಲಾನಯನದ ಬಹುಪಾಲು ನೆಲ ಖಾಸಗಿ ಮನೆಗಳದ್ದು. ನಮ್ಮ ಅಂಗಳಕ್ಕೆ ಬಂದು ನಮ್ಮ ಚಾವಣಿಯ ನೀರನ್ನು ತಿರುಗಿಸಲು ನಗರಸಭೆಗೆ ಬರುವುದಿಲ್ಲ.

ನಮ್ಮಲ್ಲಿ ಹೆಚ್ಚಿನವರು ಇರುವುದು ಲೇಕ್ ವಾಷಿಂಗ್ಟನ್‌ನ ಪೂರ್ವಕ್ಕೆ ಎಂಬುದನ್ನು ಬಲ್ಲೆ. ಅಲ್ಲಿಯೂ ತೊರೆಗಳಿವೆ: ಬೆಲ್‌ವ್ಯೂನಲ್ಲಿ ಕೆಲ್ಸಿ ಕ್ರೀಕ್, ರೆಡ್ಮಂಡ್‌ನಲ್ಲಿ ಬೇರ್ ಕ್ರೀಕ್, ಬಾಥೆಲ್‌ನಲ್ಲಿ ನಾರ್ತ್ ಕ್ರೀಕ್, ಮೀನುಮರಿ ಕೇಂದ್ರವಿರುವ ಇಸಾಕ್ವಾ ಕ್ರೀಕ್, ಸಮುದ್ರಕ್ಕೇ ಹೋಗದೆ ಕೆರೆಯಲ್ಲೇ ಬಾಳುವ ಕೊಕನಿ ಸಾಲ್ಮನ್ ಮೊಟ್ಟೆಯಿಡುವ, ಲೇಕ್ ಸಮಾಮಿಷ್‌ನ ಸಣ್ಣ ತೊರೆಗಳು. ಆ ಕೊಕನಿ ಸಂತತಿ ಅಳಿವಿನ ಅಂಚಿಗೆ ಬಂದು ನಿಂತಿದೆ. ನಾನು ಕಾರ್ಕೀಕ್ ಬಗ್ಗೆ ಬರೆದದ್ದು ನನಗೆ ಗೊತ್ತಿರುವ ತೊರೆ ಅದೆಂಬ ಕಾರಣಕ್ಕೆ. ನಿಮಗೆ ಹತ್ತಿರದ ತೊರೆ ನಿಮ್ಮದು.

ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ಕೋರಿಕೆ ಹೀಗಿದೆ. ಯುಗಾದಿ, ಗಣೇಶ, ರಾಜ್ಯೋತ್ಸವಗಳಂತೆಯೇ ತೊರೆಯ ಕೆಲಸಕ್ಕೂ ವಾರ್ಷಿಕ ಪಟ್ಟಿಯಲ್ಲಿ ದಿನಗಳನ್ನು ಗೊತ್ತುಪಡಿಸಿ: ಸಸಿ ನೆಡಲು ಚಳಿಗಾಲದಲ್ಲೊಂದು, ನೀರು ಹಾಕಲು ಬೇಸಿಗೆಯಲ್ಲೊಂದು. ಚಳಿಗಾಲದ್ದನ್ನು ಮಾತ್ರ ಇಟ್ಟುಕೊಂಡು ಬೇಸಿಗೆಯದನ್ನು ಬಿಡಬೇಡಿ. ಕನ್ನಡ ಶಾಲೆಗಳ ಶಿಕ್ಷಕರು ಒಂದು ಪಾಠವನ್ನು ತೊರೆಯ ದಂಡೆಯಲ್ಲಿ ನಡೆಸಬಹುದು. ಮೊಟ್ಟೆ, ಮರಿ, ಜಲ್ಲಿ, ಮಡು, ಹೂಳು, ಒಸರು ಎಂಬ ಮಾತುಗಳನ್ನು ಮಕ್ಕಳು ಕಣ್ಣೆದುರೇ ಕಂಡು ಕಲಿಯುತ್ತಾರೆ. ನವೆಂಬರ್‌ನ ವಾರಾಂತ್ಯಗಳಲ್ಲಿ ದಂಡೆಯಲ್ಲಿ ನಿಂತು ಮೀನಿನ ಬಗ್ಗೆ ವಿವರಿಸುವ ಸಾಲ್ಮನ್ ಸ್ಟುವರ್ಡ್‌ಗಳಾಗಿ ನಮ್ಮ ಯುವಕರು ತರಬೇತಿ ಪಡೆದರೆ, ಇಂಗ್ಲಿಷ್ ಬಾರದ ಹಿರಿಯರಿಗೆ ಕನ್ನಡದಲ್ಲೇ ಹೇಳಬಹುದು.

ಹಿರಿಯರ ವಿಷಯದಲ್ಲಿ ಒಂದು ಮಾತು. ಊರಿನಿಂದ ಆರು ತಿಂಗಳಿಗೆಂದು ಬಂದ ತಂದೆತಾಯಿಗಳು, ಮಕ್ಕಳು ಕೆಲಸಕ್ಕೂ ಮೊಮ್ಮಕ್ಕಳು ಶಾಲೆಗೂ ಹೋದ ಮೇಲೆ, ಮುಚ್ಚಿದ ಮನೆಯೊಳಗೆ ಹೊತ್ತು ಕಳೆಯುವುದು ನಮಗೆಲ್ಲ ಗೊತ್ತಿರುವ ಸಂಕಟ. ಇವರಲ್ಲಿ ಎಷ್ಟೋ ಮಂದಿ ತೋಟ ಗದ್ದೆ ಮಾಡಿದವರು, ಬುಡಕ್ಕೆ ಎಷ್ಟು ಮಣ್ಣು ಕೊಡಬೇಕು, ಯಾವ ಬೇರನ್ನು ಅಲುಗಿಸಬಾರದು ಎಂದು ಕೈಯಿಂದಲೇ ಬಲ್ಲವರು. ಸಸಿ ನೆಡುವ ದಿನ ಅವರನ್ನು ಕರೆತನ್ನಿ, ಕೂರಲು ಒಂದು ಮಡಿಸುವ ಕುರ್ಚಿ ಮತ್ತು ಫ್ಲಾಸ್ಕಿನಲ್ಲಿ ಕಾಫಿ ಇರಲಿ. ಅವರು ಕೂರುತ್ತಾರೆಂದು ನನಗೇನೂ ಅನಿಸುವುದಿಲ್ಲ.

ಬರುವವರು ನೀರಿಗೆ ಜಗ್ಗದ ಬೂಟು, ಮಳೆಯ ಅಂಗಿ ಮತ್ತು ಹಳೆಯ ಬಟ್ಟೆ ಧರಿಸಿ ಬಂದರೆ ಸಾಕು, ಕೈಗವಸು ಮತ್ತು ಸಲಕರಣೆಗಳನ್ನು ಸಾಮಾನ್ಯವಾಗಿ ಅಲ್ಲಿಯೇ ಕೊಡುತ್ತಾರೆ. ಮೀನು ನೋಡಲು ಬರುವವರು ತೊರೆಯೊಳಗೆ ಇಳಿಯಬಾರದು, ನೀವು ಕಾಲಿಟ್ಟ ಜಲ್ಲಿಯ ಕೆಳಗೆ ಮೊಟ್ಟೆಗಳಿರಬಹುದು. ನಾಯಿಯನ್ನು ಹಗ್ಗದಲ್ಲಿ ಹಿಡಿದುಕೊಳ್ಳಿ, ಮಕ್ಕಳು ಕಲ್ಲು ಎಸೆಯದಂತೆ ನೋಡಿಕೊಳ್ಳಿ.

ಸಂಘಗಳ ಕಾರ್ಯಕಾರಿ ಸಮಿತಿಗಳು ತಮ್ಮ ಮುಂದಿನ ಸಭೆಯಲ್ಲೇ ಈ ಮನವಿಯನ್ನು ಚರ್ಚೆಗೆತ್ತಿಕೊಂಡು, ಉದ್ಯಾನದವರೊಡನೆ ಮಾತನಾಡಲು ಒಬ್ಬರನ್ನು ನೇಮಿಸಬೇಕೆಂದು, ಬರುವ ಸಸಿ ನೆಡುವ ಹಂಗಾಮಿಗೆ ಮೊದಲೇ ದಿನಾಂಕವನ್ನು ಸದಸ್ಯರಿಗೆ ತಿಳಿಸಬೇಕೆಂದು ವಿನಯದಿಂದ ಕೇಳಿಕೊಳ್ಳುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಪೈಪರ್ಸ್ ತೊರೆಯ ಜಲಾನಯನದ ನಿವಾಸಿಯಾದ ಒಬ್ಬ ಕನ್ನಡಿಗ